ತಾಯಿಯ ಮೇಲಣ ಅಪವಾದ

ಆಟಿಸಂ ಉಳ್ಳ ಮಗುವನ್ನು ಸಾಕುವ ತಾಯಿ ಎರಡು ಭಾರಗಳನ್ನು ಹೊರುತ್ತಾಳೆ. ಒಂದು ಮಗುವಿನ ಆರೈಕೆ, ಮತ್ತೊಂದು ಲೋಕಾಪವಾದ. ಮೊದಲನೆಯದನ್ನು ಆಕೆ ವಾತ್ಸಲ್ಯದಿಂದ ಹೊರುವಳು. ಎರಡನೆಯದನ್ನು ಹೊರಿಸಲು ನಮಗಾವ ಅಧಿಕಾರವಿದೆ?

ಈ ಅಪವಾದವು ಪಾಮರರಿಂದಲೇ ಹುಟ್ಟಿದುದಲ್ಲ. ಪಂಡಿತರಿಗೂ ಇದರಲ್ಲಿ ಪಾಲುಂಟು. ಅಮೆರಿಕದಲ್ಲಿ ವೈದ್ಯ ಲಿಯೋ ಕ್ಯಾನರನು 1943ರಲ್ಲಿ ಹನ್ನೊಂದು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ ಈ ಸ್ಥಿತಿಯನ್ನು ವರ್ಣಿಸಿದನು. ಬಳಿಕ ತಾಯಿಯಲ್ಲಿ ಮಮತೆಯಿಲ್ಲದುದೇ ಇದಕ್ಕೆ ಕಾರಣವೆಂಬ ವಾದವು ಬೆಳೆದು, 1967ರಲ್ಲಿ ಬ್ರೂನೋ ಬೆಟೆಲ್‌ಹೈಮನು ಬರೆದ ಗ್ರಂಥದಿಂದ ಪ್ರಚಾರ ಪಡೆಯಿತು. ಅಂತಹ ಮಗುವಿನ ತಂದೆಯೇ ಆಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡನು 1964ರಲ್ಲಿಯೇ ಆ ವಾದವನ್ನು ಖಂಡಿಸಿದ್ದನು. ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದುದು, ಇದರಲ್ಲಿ ವಂಶಗುಣದ ಪಾತ್ರವು ಹಿರಿದು ಎಂದು ಶಾಸ್ತ್ರಜ್ಞರು ಈಗ ಒಪ್ಪಿದ್ದಾರೆ. ಶಾಸ್ತ್ರವು ಕೈಬಿಟ್ಟ ದೋಷಾರೋಪಣೆಯನ್ನು ನಮ್ಮ ಮನೆಗಳು ಮಾತ್ರ ಕೈಬಿಟ್ಟಿಲ್ಲ. ಉದ್ಯೋಗಕ್ಕೆ ಹೋದಳು, ಮೊಬೈಲು ಕೊಟ್ಟು ಕೆಡಿಸಿದಳು, ಪೂರ್ವಜನ್ಮದ ಕರ್ಮ ಎಂಬ ಮಾತುಗಳು ಇಂದಿಗೂ ಆಕೆಯ ಕಿವಿಗೆ ಬೀಳುತ್ತಲೇ ಇವೆ.

ಅಂತಹ ತಾಯಿಗೆ ಬೇಕಾದುದು ಉಪದೇಶವಲ್ಲ, ಬಿಡುವು. ರಾತ್ರಿ ನಿದ್ರೆಗೆಟ್ಟವಳಿಗೆ ಹಗಲಿನಲ್ಲಿ ಒಂದು ಗಳಿಗೆಯಾದರೂ ವಿಶ್ರಾಂತಿ ದೊರೆಯಬೇಕು. ಮಗುವನ್ನು ಚಿಕಿತ್ಸೆಗೆ ಕರೆದೊಯ್ಯುವ ಕಾರ್ಯದಲ್ಲಿ ಪತಿಯೂ ಭಾಗಿಯಾಗಬೇಕು. ಮದುವೆ ಮುಂಜಿಗಳಲ್ಲಿ ಮಗು ಕಿರುಚಿದರೆ ಬಂಧುಗಳು ಮುಖ ತಿರುಗಿಸಬಾರದು. ಸಮಾನದುಃಖಿಗಳ ಸಂಗವೂ ದೊಡ್ಡ ಆಸರೆಯೇ. ಮೇರಿ ಬರುವಾ ಎಂಬ ತಾಯಿ ಮುಂದಾಗಿ 1991ರಲ್ಲಿ ದೆಹಲಿಯಲ್ಲಿ ಆರಂಭಿಸಿದ ಆಕ್ಷನ್ ಫಾರ್ ಆಟಿಸಂ ಸಂಸ್ಥೆಯು ಇದಕ್ಕೆ ನಿದರ್ಶನ.

ಆದರೆ ಆಕೆಯನ್ನು ಹಗಲಿರುಳೂ ಬಾಧಿಸುವ ಪ್ರಶ್ನೆ ಬೇರೊಂದಿದೆ: "ನನ್ನ ಅನಂತರ ಇವನಿಗೆ ಯಾರು ಗತಿ?" ಇದಕ್ಕೆ ಉತ್ತರವಾಗಿಯೇ 1999ರಲ್ಲಿ ರಾಷ್ಟ್ರೀಯ ನ್ಯಾಸ ಕಾಯಿದೆ ಬಂದಿತು. ಅದರಂತೆ ಜಿಲ್ಲಾಧಿಕಾರಿಗಳನ್ನೊಳಗೊಂಡ ಸ್ಥಳೀಯ ಸಮಿತಿಯು ಇಂತಹವರಿಗೆ ಪೋಷಕರನ್ನು ನೇಮಿಸಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯೂ ಆಟಿಸಂ ಅನ್ನು ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿದೆ. ಕಾನೂನು ಕಾಗದದ ಮೇಲಿದ್ದರೆ ಸಾಲದು. ಪ್ರಮಾಣಪತ್ರಕ್ಕಾಗಿ ಮಗುವಿನೊಡನೆ ಬಂದ ತಾಯಿಯನ್ನು "ನಾಳೆ ಬನ್ನಿ" ಎಂದು ಹಿಂದಿರುಗಿಸುವ ಗುಮಾಸ್ತನು, ಪೋಷಕತ್ವದ ಅರ್ಜಿಯನ್ನು ಮೇಜಿನ ಮೇಲೆ ಕೊಳೆಯಿಸುವ ಅಧಿಕಾರಿಯು ಆಕೆಯ ಭಾರಕ್ಕೆ ಮತ್ತೊಂದು ಕಲ್ಲನ್ನು ಸೇರಿಸಿದಂತೆಯೇ ಸರಿ.

ಮಾತೃದೇವೋ ಭವ ಎಂದು ಸಭೆಗಳಲ್ಲಿ ನುಡಿಯುವ ನಾವು, ನೆರೆಮನೆಯ ಈ ತಾಯಿಯನ್ನು ಮೊದಲು ನಿಂದೆಯಿಂದ ಬಿಡಿಸೋಣ. ಆಮೇಲೆ ಆಕೆಯ ಹೊರೆಗೆ ಹೆಗಲು ಕೊಡೋಣ.