ಮೊದಲ ರೆಗ್ಯುಲೇಟರ್ ಕೊಳ್ಳೋ ಮುಂಚೆ ಮಾಮಾ ಕೇಳಿದ ಪ್ರಶ್ನೆ

“ಅವ್ವಾ, ಒಂದು ರೆಗ್ಯುಲೇಟರ್ ತಗೋಬೇಕಂತ ಮಾಡೇನಿ” ಅಂದೆ. ಭಾನುವಾರ, ಬ್ಯಾಡಗಿ ಮನೆ. ಅವ್ವ ರೊಟ್ಟಿ ಬಡೀತಿದ್ದಳು. ತಿರುಗಿಯೂ ನೋಡದೆ ಹೇಳಿದಳು, “ಹೊಸಾದ್ಯಾಕ? ಹೋದ ತಿಂಗಳಷ್ಟ ಏಜೆನ್ಸಿಯವ್ರು ಬಂದು ಬದ್ಲಿ ಮಾಡಿ ಹೋಗ್ಯಾರ. ಪೈಪೂ ಹೊಸಾದೈತಿ.”

ನಮ್ಮ ಕಡೆ ರೆಗ್ಯುಲೇಟರ್ ಅಂದ್ರೆ ಎರಡೇ. ಒಂದು ಗ್ಯಾಸಿಂದು, ಇನ್ನೊಂದು ಫ್ಯಾನಿಂದು. ನಾನು ಹೇಳ್ತಿದ್ದದ್ದು ಮೂರನೇದು: ಬೆನ್ನ ಮೇಲಿನ ಸಿಲಿಂಡರಿನ ಗಾಳಿಯನ್ನ ಸಮುದ್ರದೊಳಗೆ ಬಾಯಿಗೆ ತಂದುಕೊಡೋದು. ಅವ್ವನಿಗೆ ವಿಷಯ ಬಿಡಿಸಿ ಹೇಳೋಕೆ ಎರಡು ರೊಟ್ಟಿ ಹೊತ್ತಾಯ್ತು. ಅರ್ಥ ಆದಮೇಲೆ ಬಡಿಯೋದು ನಿಂತಿತು, ಬೈಗುಳ ಶುರುವಾಯ್ತು.

ನಿಜ ಹೇಳಬೇಕಂದ್ರೆ ಅವ್ವ ಅಂದದ್ದು ಪೂರ್ತಿ ತಪ್ಪಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಫ್ರಾನ್ಸಿನಲ್ಲಿ ಪೆಟ್ರೋಲ್ ಸಿಗ್ತಿರಲಿಲ್ಲ, ಜನ ಕಾರುಗಳನ್ನ ಗ್ಯಾಸಿನಲ್ಲಿ ಓಡಿಸ್ತಿದ್ದರು. ಎಂಜಿನ್‌ಗೆ ಬೇಕಾದಾಗ ಬೇಕಾದಷ್ಟೇ ಗ್ಯಾಸ್ ಬಿಡೋ ವಾಲ್ವ್ ಒಂದನ್ನ ಏರ್ ಲಿಕ್ವಿಡ್ ಕಂಪನಿಯ ಎಂಜಿನಿಯರ್ ಎಮಿಲ್ ಗಾನ್ಯಾನ್ ಮಾಡಿದ್ದ. ನೌಕಾಪಡೆಯ ಅಧಿಕಾರಿ ಜಾಕ್ ಕೂಸ್ಟೊ ಅದನ್ನ ನೋಡಿದ. ಎಂಜಿನ್ ಜಾಗದಲ್ಲಿ ಮನುಷ್ಯನ ಶ್ವಾಸಕೋಶ ಇಟ್ಟು ಇಬ್ಬರೂ ಸೇರಿ 1943ರಲ್ಲಿ ಮಾಡಿದ್ದೇ ಅಕ್ವಾ-ಲಂಗ್. ಇವತ್ತು ನಾವು ಬಾಯಲ್ಲಿ ಕಚ್ಚಿಕೊಳ್ಳೋ ರೆಗ್ಯುಲೇಟರ್ ಅದರ ಸಂತಾನವೇ.

ಸಮುದ್ರ ಇಲ್ಲದ ಜಿಲ್ಲೆಯವನಿಗೆ ಇದೆಲ್ಲಿಂದ ಅಂಟಿತು ಅಂತ ಕೇಳಬಹುದು. ನಾನು ಈಜು ಕಲಿತದ್ದು ರಾಣೆಬೆನ್ನೂರು ಹತ್ತಿರ ಅಜ್ಜನ ಹೊಲದ ಬಾವಿಯಲ್ಲಿ, ಬೆನ್ನಿಗೆ ಖಾಲಿ ಎಣ್ಣೆ ಕ್ಯಾನ್ ಕಟ್ಟಿಕೊಂಡು. ‘ಗಂಧದ ಗುಡಿ’ಯಲ್ಲಿ ಅಪ್ಪು ನೇತ್ರಾಣಿಯ ನೀರಿಗಿಳಿದದ್ದನ್ನ ನೋಡಿದ ಮೇಲೆ ನಾವು ನಾಲ್ಕು ಜನ ಗೆಳೆಯರು ಹಾವೇರಿ ಬಸ್ ಸ್ಟ್ಯಾಂಡ್ ಮುಂದೆ ಚಹಾ ಕುಡಿದು ರಾತ್ರಿಯೇ ಕಾರು ಹತ್ತಿದ್ವಿ. ಶಿರಸಿ, ದೇವಿಮನೆ ಘಟ್ಟ, ಕುಮಟಾ, ಹೊನ್ನಾವರ, ಬೆಳಗಾಗೋದ್ರೊಳಗೆ ಮುರ್ಡೇಶ್ವರ. ಅಲ್ಲಿಂದ ದೋಣಿಯಲ್ಲಿ ಹತ್ತೊಂಬತ್ತು ಕಿಲೋಮೀಟರ್ ದೂರಕ್ಕೆ ನೇತ್ರಾಣಿ. ಮೂವರಿಗೆ ಒಂದು ಸಲ ಸಾಕಾಯ್ತು. ನನಗೆ ಸಾಕಾಗಲಿಲ್ಲ, ಮುಂದಿನ ಸೀಸನ್‌ಗೆ ಓಪನ್ ವಾಟರ್ ಕೋರ್ಸ್ ಸೇರಿದೆ.

ಕೋರ್ಸಿನ ಮೂರನೇ ಡೈವ್. ಹನ್ನೊಂದು ಮೀಟರ್ ಆಳ. ಪ್ರತಿ ಉಸಿರಿಗೂ ಗಾಳಿ ಜೊತೆ ಒಂದು ಚಮಚ ಉಪ್ಪುನೀರು ಒಳಗೆ ಬರ್ತಿತ್ತು. ಮೊದಲು ನನ್ನದೇ ತಪ್ಪು, ತುಟಿ ಸರಿ ಮುಚ್ಚಿಲ್ಲ ಅಂದುಕೊಂಡೆ. ಆಮೇಲೆ ಕೆಮ್ಮು ಹತ್ತಿತು. ಬ್ಯಾಡಗಿಯವನಿಗೆ ಕೆಮ್ಮು ಹೊಸದಲ್ಲ, ಸೀಸನ್‌ನಲ್ಲಿ ಮೆಣಸಿನಕಾಯಿ ಮಾರುಕಟ್ಟೆ ಮುಂದೆ ಹಾದುಹೋದವರಿಗೆಲ್ಲ ಗೊತ್ತು. ಆದರೆ ಅಲ್ಲಿ ಓಡಿಹೋಗಿ ಗಾಳಿ ತಗೋಬಹುದು. ಇಲ್ಲಿ ತಲೆ ಮೇಲೆ ಹನ್ನೊಂದು ಮೀಟರ್ ನೀರು. ಬುರ್ರಂತ ಮೇಲೆ ಹೋಗಬೇಕು ಅನ್ನಿಸ್ತು, ಹೋಗೋ ಹಾಗಿಲ್ಲ. ಉಸಿರು ಬಿಗಿಹಿಡಿದು ಏರಿದರೆ ಶ್ವಾಸಕೋಶವೇ ಹರಿಯಬಹುದು. ಕಲಿಸಿದಂತೆ ರೆಗ್ಯುಲೇಟರನ್ನ ಬಾಯಿಗೆ ಒತ್ತಿ ಹಿಡಿದು ಅದರೊಳಗೇ ಕೆಮ್ಮಿದೆ. ಇನ್‌ಸ್ಟ್ರಕ್ಟರ್ ತಮ್ಮ ಹಳದಿ ಆಕ್ಟೋಪಸ್ ಕೊಟ್ಟರು. ಇಬ್ಬರೂ ನಿಧಾನಕ್ಕೆ ಮೇಲೆ ಬಂದ್ವಿ.

ದೋಣಿಯಲ್ಲಿ ನೋಡಿದರೆ ಬಾಯಿಗಿಡೋ ರಬ್ಬರ್ ತುಂಡು, ಪ್ಲಾಸ್ಟಿಕ್ ಟೈ ಕಟ್ಟಿದ ಜಾಗದ ಹತ್ತಿರ, ಕೆಳಗಡೆ ಹರಿದಿತ್ತು. ಕೆಲವೇ ನೂರು ರೂಪಾಯಿಯ ಮೌತ್‌ಪೀಸ್! ಬಾಡಿಗೆ ಸಾಮಾನು, ಎಷ್ಟು ಜನ ಕಚ್ಚಿದ್ದರೋ. ಅವತ್ತೇ ನಿರ್ಧಾರ ಮಾಡಿದೆ, ನನ್ನ ಉಸಿರಿನ ಸಾಮಾನು ನನ್ನದೇ ಇರಬೇಕು.

ಅಲ್ಲಿಂದ ನಾನು ಬಿದ್ದದ್ದು ಇನ್ನೊಂದು ಆಳಕ್ಕೆ. ರಾತ್ರಿ ಒಂದು ಗಂಟೆವರೆಗೆ ರಿವ್ಯೂ ಓದೋದು, ವಿಡಿಯೋ ನೋಡೋದು, ಎಕ್ಸೆಲ್ ಶೀಟ್ ಮಾಡೋದು. (ಎಂಜಿನಿಯರಿಂಗ್ ಓದಿದವರಿಗೆ ಇದೊಂದು ರೋಗ.) ಕೊನೆಗೆ ವಿದೇಶದಿಂದ ಬಂದ, ಒಂದೇ ವರ್ಷ ಬಳಸಿದ, ಅರ್ಧ ಬೆಲೆಯ ದುಬಾರಿ ಮಾಡೆಲ್ ಒಂದು ಆನ್‌ಲೈನ್‌ನಲ್ಲಿ ಕಣ್ಣಿಗೆ ಬಿತ್ತು. ಅರ್ಧ ಬೆಲೆಯೇ ಒಂದು ಒಳ್ಳೆ ಸೆಕೆಂಡ್ ಹ್ಯಾಂಡ್ ಸ್ಕೂಟಿ ರೇಟು. ದುಡ್ಡು ಹಾಕೋಕೆ ಒಂದು ದಿನ ಬಾಕಿ ಇದ್ದಾಗ ರಾಣೆಬೆನ್ನೂರಿಗೆ ಹೋಗಿದ್ದೆ. ಮಾಮಾನದು ಅಲ್ಲಿ ಸ್ಪ್ರೇ ಪಂಪು, ಪಂಪ್‌ಸೆಟ್ ರಿಪೇರಿ ಅಂಗಡಿ. ಜಂಬದಿಂದ ಫೋನಿನಲ್ಲಿ ಅದರ ಬಿಡಿಭಾಗಗಳ ಚಿತ್ರ ತೋರಿಸಿದೆ.

ಮಾಮಾ ಕನ್ನಡಕ ಏರಿಸಿ, ಚಿತ್ರ ದೊಡ್ಡದು ಮಾಡಿ ನೋಡಿದ. “ಸ್ಪ್ರಿಂಗ್ ಐತಿ, ಸೀಟ್ ಐತಿ, ವಾಷರ್ ಐತಿ. ನಮ್ಮ ಪಂಪಿನ ವಾಲ್ವಿನಂಗ ಐತಲ್ಲೋ. ಅದಿರ್ಲಿ, ಈ ವಾಷರ್ ಹ್ವಾದ್ರ ಎಲ್ಲಿ ಸಿಗ್ತಾವು? ಬಿಚ್ಚಾವ ಯಾರು?”

ನನ್ನ ಎಕ್ಸೆಲ್ ಶೀಟಿನಲ್ಲಿ ಹದಿನಾಲ್ಕು ಕಾಲಂ ಇದ್ದವು. ಅದೊಂದು ಇರಲಿಲ್ಲ.

ಮಾರನೇ ದಿನ ಮೂರು ಕಡೆ ಫೋನ್ ಹಚ್ಚಿದೆ. ಆ ದುಬಾರಿ ಮಾಡೆಲ್ ಬಿಚ್ಚೋಕೆ ಯಾರೂ ಒಪ್ಪಲಿಲ್ಲ. ಕಿಟ್ ಹೊರಗಿಂದ ತರಿಸಬೇಕು, ಯಾವಾಗ ಬರುತ್ತೋ ಗ್ಯಾರಂಟಿ ಇಲ್ಲ ಅಂದರು. ಬಹಳಷ್ಟು ಕಂಪನಿಗಳು ವರ್ಷಕ್ಕೊಮ್ಮೆ ತಪಾಸಣೆ, ಎರಡು ವರ್ಷಕ್ಕೋ ನೂರು ಡೈವ್‌ಗೋ ಒಮ್ಮೆ ಪೂರ್ತಿ ಸರ್ವೀಸ್ ಅಂತ ಹೇಳ್ತಾವೆ. ಆಗ ಓ-ರಿಂಗ್, ಸೀಟ್ ಎಲ್ಲ ಹೊಸದು ಹಾಕಬೇಕು. ಮಾಮಾನ ಅಂಗಡಿಯ ವಾಷರ್ ಅಳತೆಗೆ ಕೂತರೂ ನಡೆಯಲ್ಲ, ಗ್ರೀಸ್ ಅಂತೂ ಹಚ್ಚಲೇಬಾರದು. ಸಪೋರ್ಟ್ ನಿಂತುಹೋದ ಲೈಬ್ರರಿಯನ್ನ ಪ್ರೊಡಕ್ಷನ್‌ಗೆ ಹಾಕಿದ ಹಾಗೆ ಇದು. ವ್ಯತ್ಯಾಸ ಇಷ್ಟೇ, ಇಲ್ಲಿ ಕ್ರ್ಯಾಶ್ ಆದರೆ ರೀಸ್ಟಾರ್ಟ್ ಇಲ್ಲ.

ಹಾಗಾದರೆ ದುಬಾರಿದು ಬಿಟ್ಟರೆ ಉಸಿರು ಕಡಿಮೆ ಬರುತ್ತಾ? ನನಗೂ ಇದೇ ಭಯ ಇತ್ತು. ಸ್ವಲ್ಪ ಒಳಗಿನ ಕತೆ ಕೇಳಿ. ತುಂಬಿದ ಸಿಲಿಂಡರಿನಲ್ಲಿ ಸುಮಾರು 200 ಬಾರ್ ಒತ್ತಡ. ನಿಮ್ಮ ಕಾರಿನ ಟೈರಿನಲ್ಲಿ ಇರೋದು ಎರಡು ಬಾರ್ ಚಿಲ್ಲರೆ. ಸಿಲಿಂಡರಿಗೆ ಕೂರೋ ಫಸ್ಟ್ ಸ್ಟೇಜ್ ಅದನ್ನ ಸುತ್ತಲಿನ ನೀರಿನ ಒತ್ತಡಕ್ಕಿಂತ ಎಂಟ್ಹತ್ತು ಬಾರ್ ಹೆಚ್ಚಿರೋ ಹಾಗೆ ಇಳಿಸುತ್ತೆ. ಬಾಯಲ್ಲಿರೋ ಸೆಕೆಂಡ್ ಸ್ಟೇಜ್ ನೀವು ಉಸಿರೆಳೆದಾಗ ಮಾತ್ರ ತೆರೆದು, ಆ ಆಳದ ಒತ್ತಡಕ್ಕೆ ಸರಿಯಾಗಿ ಗಾಳಿ ಕೊಡುತ್ತೆ. ಯುರೋಪಿನ ಇಎನ್ 250 ಮಾನದಂಡದ ಪರೀಕ್ಷೆಯಲ್ಲಿ ಇದನ್ನ 50 ಮೀಟರ್ ಆಳದ ಒತ್ತಡದಲ್ಲಿ, ನಿಮಿಷಕ್ಕೆ 62.5 ಲೀಟರ್ ಲೆಕ್ಕದಲ್ಲಿ ಉಸಿರಾಡಿಸಿ ನೋಡ್ತಾರೆ. ಓಪನ್ ವಾಟರ್ ಮುಗಿಸಿದ ನಮ್ಮ ಮಿತಿ 18 ಮೀಟರ್. ಈ ಪರೀಕ್ಷೆ ಪಾಸಾದ ಅಗ್ಗದ ರೆಗ್ಯುಲೇಟರೂ ಹೊಸ ಡೈವರ್‌ಗೆ ಸಾಕಾಗಿ ಮಿಗುತ್ತೆ.

ಅಂಗಡಿಯವರು ಕೆಲವು ಪದ ಎಸೀತಾರೆ, ಹೆದರಬೇಡಿ. ಬ್ಯಾಲೆನ್ಸ್ಡ್ ಅಂದ್ರೆ ಸಿಲಿಂಡರ್ ಖಾಲಿಯಾಗ್ತಾ ಬಂದರೂ ಉಸಿರಿನ ಶ್ರಮ ಬದಲಾಗಲ್ಲ. ಅನ್‌ಬ್ಯಾಲೆನ್ಸ್ಡ್‌ನಲ್ಲಿ ಕೊನೆಗೆ ತುಸು ಬಿಗಿ ಅನಿಸುತ್ತೆ. ಪಿಸ್ಟನ್‌ನಲ್ಲಿ ಬಿಡಿಭಾಗ ಕಡಿಮೆ, ಆದರೆ ಸಾಮಾನ್ಯವಾಗಿ ಸಮುದ್ರದ ನೀರು ಸ್ಪ್ರಿಂಗ್‌ವರೆಗೆ ಹೋಗುತ್ತೆ, ಚೆನ್ನಾಗಿ ತೊಳೀಬೇಕು. ಡಯಾಫ್ರಾಮ್‌ನಲ್ಲಿ ನೀರು ಒಳಯಂತ್ರಕ್ಕೆ ತಾಗಲ್ಲ, ಬಿಡಿಭಾಗ ಜಾಸ್ತಿ. ಕೋಲ್ಡ್ ವಾಟರ್ ಅನ್ನೋದು 10 ಡಿಗ್ರಿಗಿಂತ ತಣ್ಣಗಿನ ನೀರಿಗೆ; ನೇತ್ರಾಣಿಗೆ ಅದಕ್ಕಂತ ದುಡ್ಡು ಹಾಕೋದು ಹಾವೇರಿ ಬೇಸಿಗೆಗೆ ಹೀಟರ್ ಕೊಂಡ ಹಾಗೆ. ಯೋಕ್, ಡಿನ್ ಅನ್ನೋದು ಸಿಲಿಂಡರಿಗೆ ಸೇರೋ ಬಗೆ. ನನಗೆ ಸಿಕ್ಕ ಬಾಡಿಗೆ ಸಿಲಿಂಡರ್‌ಗಳೆಲ್ಲ ಯೋಕ್, ಅದನ್ನೇ ತಗೊಂಡೆ.

ಸ್ಕೂಬಾಪ್ರೊ, ಅಕ್ವಾಲಂಗ್, ಏಪೆಕ್ಸ್, ಮಾರೆಸ್, ಕ್ರೆಸಿ, ಯಾವುದೂ ಕೆಟ್ಟದಲ್ಲ. ನಾನು ಆರಿಸಿದ್ದು ಸರಳ ಪಿಸ್ಟನ್ ಸೆಟ್, ಡೈವ್ ಅಂಗಡಿಗಳು ಬಾಡಿಗೆಗೆ ಇಟ್ಟುಕೊಳ್ಳೋ ಅಂಥದ್ದೇ. ಅವರು ಅದನ್ನ ಇಟ್ಟುಕೊಳ್ಳೋದೇ ರಿಪೇರಿ ಸುಲಭ ಅಂತ. ಆಕ್ಟೋಪಸ್, ಗೇಜ್, ಹೋಸ್ ಎಲ್ಲ ಒಂದೇ ಕಡೆ ಜೋಡಿಸಿ ಟೆಸ್ಟ್ ಮಾಡಿಸಿದೆ. ಆಕ್ಟೋಪಸ್‌ನಲ್ಲಿ ದುಡ್ಡು ಉಳಿಸೋಕೆ ಹೋಗಬೇಡಿ, ಅದು ನಿಮಗಲ್ಲ, ಜೊತೆಗಾರನಿಗೆ. ಹನ್ನೊಂದು ಮೀಟರ್‌ನಲ್ಲಿ ನನಗೆ ಸಿಕ್ಕದ್ದು ಇನ್ನೊಬ್ಬರದು.

ವರ್ಷಕ್ಕೆ ಒಂದೆರಡು ಸಲ ಹೋಗೋರಾದರೆ ಕೊಳ್ಳಲೇಬೇಡಿ. ಸುಮ್ಮನೆ ಕೂತ ರಬ್ಬರೂ ಹಳೇದಾಗುತ್ತೆ, ಡೈವ್ ಮಾಡಿದರೂ ಬಿಟ್ಟರೂ ಸರ್ವೀಸ್ ಖರ್ಚು ತಪ್ಪಲ್ಲ. ಮೊದಲು ಮುಖಕ್ಕೆ ಕೂರೋ ಮಾಸ್ಕ್ ಒಂದು, ಸ್ವಂತ ಮೌತ್‌ಪೀಸ್ ಒಂದು ತಗೊಳ್ಳಿ. ಬಾಡಿಗೆ ರೆಗ್ಯುಲೇಟರ್ ಕೈಗೆ ಬಂದಾಗ ಮೌತ್‌ಪೀಸನ್ನ ಎಳೆದು, ಬಗ್ಗಿಸಿ ನೋಡಿ. ಸಿಲಿಂಡರಿಗೆ ಹಾಕೋ ಮುಂಚೆ, ಫಸ್ಟ್ ಸ್ಟೇಜಿನ ಮುಚ್ಚಳ ಬಿಗಿದಿರುವಾಗಲೇ ಬಾಯಿಗಿಟ್ಟು ಎಳೀರಿ. ಗಾಳಿ ಬರಬಾರದು. ಬಂದರೆ ಎಲ್ಲೋ ಹರಿದಿದೆ, ಅಲ್ಲಿಂದ ನೀರೂ ಬರುತ್ತೆ. ಹಾಕಿದ ಮೇಲೆ ಗೇಜ್ ನೋಡ್ತಾ ನಾಲ್ಕು ಉಸಿರು ತಗೊಳ್ಳಿ. ಮುಳ್ಳು ಕುಣಿದರೆ ಸಿಲಿಂಡರ್ ವಾಲ್ವ್ ಪೂರ್ತಿ ತೆರೆದಿಲ್ಲ ಅಂತ ಅರ್ಥ. ಎರಡೂ ಸೇರಿ ಒಂದು ನಿಮಿಷದ ಕೆಲಸ. ಅವತ್ತು ನಾನು ಮಾಡಿರಲಿಲ್ಲ.

ಈಗ ನೇತ್ರಾಣಿಯಿಂದ ಬಂದ ರಾತ್ರಿ ಬ್ಯಾಡಗಿ ಮನೆಯ ಬಚ್ಚಲಲ್ಲಿ ಬಕೆಟ್ ತುಂಬ ಸಿಹಿನೀರು. ಫಸ್ಟ್ ಸ್ಟೇಜಿನ ಮುಚ್ಚಳ ಒರೆಸಿ, ಒಣಗಿಸಿ, ಬಿಗಿದು ಅದ್ದಬೇಕು. ನೀರಲ್ಲಿರುವಾಗ ಪರ್ಜ್ ಬಟನ್ ಒತ್ತಬಾರದು, ಒತ್ತಿದರೆ ಹೋಸಿನೊಳಗೆ ನೀರು ಹೋಗುತ್ತೆ. ಆಮೇಲೆ ನೆರಳಲ್ಲಿ ಒಣಗಿಸಬೇಕು.

ಮೊದಲ ಸಲ ತೊಳೆಯುವಾಗ ಅವ್ವ ಬಾಗಿಲಲ್ಲಿ ನಿಂತು ನೋಡ್ತಿದ್ದಳು. ಬೈಗುಳ ಬಿಟ್ಟಿರಲಿಲ್ಲ, ಆದರೂ ಕೇಳಿದಳು, “ಸಿಲಿಂಡರ್‌ಗೆ ಹಾಕಿದ ಮ್ಯಾಲ ಸೋಪಿನ ನೀರು ಹಚ್ಚಿ ನೋಡಿದ್ಯೋ ಇಲ್ಲೋ? ಗುಳ್ಳಿ ಬಂದ್ರ ಲೀಕ್ ಐತಿ ಅಂತ.”

“ಸೋಪ್ ಬ್ಯಾಡವ್ವಾ, ನೀರೊಳಗ ಮುಳುಗಿಸಿದ್ರ ಅಲ್ಲೇ ಗುಳ್ಳಿ ಕಾಣ್ತಾವು.”

“ಹಂಗಾದ್ರ ನೀ ಇಳಿಯೂ ಮುಂದ ಅದನ್ನ ಮೊದ್ಲ ಇಳಿಸು” ಅಂದು ಒಳಗೆ ಹೋದಳು.