ನಗು ಯಾರ ಮೇಲೆ ಬಿತ್ತು?

ಗೋಕುಲಧಾಮ ಸೊಸೈಟಿಯ ಅಂಗಳ. ಅಂಗಡಿಗೆ ಹೊರಟ ಜೇಠಾಲಾಲನಿಗೆ ಎದುರು ಮನೆಯ ಬಬಿತಾ ಸಿಗುತ್ತಾಳೆ. ಅವನ ಮುಖ ಅರಳುತ್ತದೆ, ದನಿ ಬೆಣ್ಣೆಯಾಗುತ್ತದೆ, ಆಡಬೇಕೆಂದಿದ್ದ ಮಾತು ಬಾಯಲ್ಲೇ ಉಳಿಯುತ್ತದೆ. ಅಷ್ಟರಲ್ಲಿ ಅವಳ ಗಂಡ, ವಿಜ್ಞಾನಿ ಕೃಷ್ಣನ್ ಅಯ್ಯರ್, ಮುಖ ಗಂಟಿಕ್ಕಿಕೊಂಡು ನಡುವೆ ಬಂದು ನಿಲ್ಲುತ್ತಾನೆ. ಹಿನ್ನೆಲೆಯಲ್ಲಿ ಕಚಗುಳಿಯಿಡುವ ಒಂದು ಸದ್ದು. ಟಿವಿ ಮುಂದೆ ಊಟಕ್ಕೆ ಕೂತ ಮನೆಮಂದಿಯೆಲ್ಲ ನಗುತ್ತಾರೆ, ಅವರ ಜೊತೆ ಆರು ವರ್ಷದ ಮಗುವೂ ನಗುತ್ತದೆ. ಈ ದೃಶ್ಯ ಯಾವ ಕಂತಿನದು ಎಂದು ಕೇಳುವ ಹಾಗಿಲ್ಲ, ಸಣ್ಣಪುಟ್ಟ ವ್ಯತ್ಯಾಸದೊಂದಿಗೆ ಅದು ಮತ್ತೆ ಮತ್ತೆ ಬರುತ್ತಲೇ ಇದೆ. ಗುಜರಾತಿಯ 'ಚಿತ್ರಲೇಖಾ' ಪತ್ರಿಕೆಯಲ್ಲಿ ತಾರಕ್ ಮೆಹ್ತಾ ಬರೆಯುತ್ತಿದ್ದ ಹಾಸ್ಯ ಅಂಕಣವನ್ನು ಆಧರಿಸಿ 2008ರ ಜುಲೈ 28ರಂದು ಸಬ್ ಟಿವಿಯಲ್ಲಿ ಶುರುವಾದ 'ತಾರಕ್ ಮೆಹ್ತಾ ಕಾ ಉಲ್ಟಾ ಚಶ್ಮಾ' 4,000 ಕಂತುಗಳನ್ನು ದಾಟಿದೆ. ಬೀದರ್, ಕಲಬುರಗಿ ಕಡೆಯ ಹಿಂದಿ ಬಲ್ಲ ಮನೆಗಳಿಗಾಗಲಿ ಮುಂಬೈ ಕನ್ನಡಿಗರಿಗಾಗಲಿ ಅದನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. 'ಮಕ್ಕಳನ್ನು ಕೂರಿಸಿಕೊಂಡು ನೋಡಬಹುದಾದದ್ದು' ಎಂಬ ಹೆಸರು ಅದಕ್ಕೆ ಮೊದಲಿನಿಂದಲೂ ಇದೆ. ಆ ಹೆಸರು ಎಷ್ಟು ಸರಿ?

ಮಕ್ಕಳಿಗೆ ಇದು ತಕ್ಕುದೋ ಅಲ್ಲವೋ ಎಂದು ನೋಡುವಾಗ ಸಾಮಾನ್ಯವಾಗಿ ನಾವು ಒಂದು ಜರಡಿ ಹಿಡಿಯುತ್ತೇವೆ. ಬೈಗುಳ ಇದೆಯೇ, ಮುತ್ತಿಕ್ಕುವ ದೃಶ್ಯ ಇದೆಯೇ, ಬಾಟಲಿ ಕಾಣಿಸುತ್ತದೆಯೇ, ರಕ್ತ ಹರಿಯುತ್ತದೆಯೇ? ಜರಡಿಯಲ್ಲಿ ಏನೂ ಉಳಿಯದಿದ್ದರೆ ಧಾರಾವಾಹಿ ಪಾಸು. ಕಾನೂನು ಹಿಡಿದಿರುವುದೂ ಬಹುಪಾಲು ಇದೇ ಜರಡಿ. ಮಕ್ಕಳ ಕಾರ್ಯಕ್ರಮಗಳಲ್ಲಿ ಕೆಟ್ಟ ಮಾತು, ಹಿಂಸೆಯ ನೇರ ದೃಶ್ಯ ಇರಕೂಡದು, ಮಕ್ಕಳು ಹೆಚ್ಚಾಗಿ ನೋಡುವ ಹೊತ್ತಿನಲ್ಲಿ ಅವರಿಗೆ ಒಗ್ಗದ್ದನ್ನು ಬಿತ್ತರಿಸಕೂಡದು ಎನ್ನುತ್ತದೆ 1994ರ ಕೇಬಲ್ ಟೆಲಿವಿಷನ್ ನಿಯಮಾವಳಿಯ 6ನೇ ನಿಯಮ. 2011ರಲ್ಲಿ ಚಾನೆಲ್‌ಗಳು ತಮಗೆ ತಾವೇ ಹಾಕಿಕೊಂಡ ಕಟ್ಟಳೆಯಲ್ಲಿ ಇರುವುದು ಎರಡೇ ಗುಂಪು: ಎಲ್ಲರೂ ನೋಡಬಹುದಾದದ್ದು ಒಂದು, ರಾತ್ರಿ 11ರಿಂದ ಬೆಳಗಿನ 5ರವರೆಗೆ ಮಾತ್ರ ತೋರಿಸಬಹುದಾದದ್ದು ಇನ್ನೊಂದು. ಆರು ವರ್ಷದವರೂ ಅರವತ್ತರವರೂ ಒಂದೇ ಪಂಕ್ತಿ! ಒಟಿಟಿಗೆಂದು ಬಂದ 2021ರ ನಿಯಮಗಳು ಯು, ಯು/ಎ 7+, ಯು/ಎ 13+, ಯು/ಎ 16+, ಎ ಎಂದು ವಯಸ್ಸಿನ ಮೆಟ್ಟಿಲು ಕಟ್ಟಿದವು, ತಾರತಮ್ಯದ ವಿಷಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದವು. ಅದು ಒಂದು ಹೆಜ್ಜೆ ಮುಂದೆ. ಆದರೆ ಆ ಚೀಟಿ ಅಂಟಿಸುವುದು ಒಟಿಟಿ ಕಂಪನಿಯೇ.

ಹಾಸ್ಯ ಧಾರಾವಾಹಿಯ ಮಟ್ಟಿಗೆ ಈ ಜರಡಿ ಸಾಲದು ಎಂಬುದು ನನ್ನ ವಾದ. ಅದು ಮಾರುವ ಸರಕು ನಗು. ನಗುವಿಗೆ ಒಂದು ದಿಕ್ಕಿದೆ, ಅದು ಯಾರದೋ ಮೇಲೆ ಬೀಳಲೇಬೇಕು. ಲೋಕದಲ್ಲಿ ಯಾರನ್ನು ನೋಡಿ ನಗಬಹುದು, ನಕ್ಕರೆ ಅಪ್ಪ ಅಮ್ಮ ಬೈಯುವುದಿಲ್ಲ ಎಂಬುದನ್ನು ಮಗು ಅಲ್ಲಿಂದ ಕಲಿಯುತ್ತದೆ. ಕೆಟ್ಟ ಪದ ಕಿವಿಗೆ ಬಿದ್ದರೆ ನಾವು ರಿಮೋಟ್ ಹುಡುಕುತ್ತೇವೆ. ಗೋಕುಲಧಾಮದ ದಪ್ಪ ಮೈಯ ಡಾ. ಹಾಥಿ ಪರದೆಯ ಮೇಲೆ ಬಂದರೆ ಮಾತ್ರ ಇನ್ನಷ್ಟು ಆರಾಮಾಗಿ ಒರಗುತ್ತೇವೆ. ಅವರ ಹೆಸರೇ ಆನೆ. ತಿಂಡಿಯ ಸುದ್ದಿ ಎತ್ತಿದರೆ ಸಾಕು, ಅವರ ಕಣ್ಣು ಅರಳಬೇಕು. ಮಗ ಗೋಲಿಗೂ ಅದೇ ಪಾತ್ರ, ಅದೇ ತಿಂಡಿಪೋತತನ. ಪತ್ರಕರ್ತ ಪೋಪಟ್‌ಲಾಲ್‌ನ ತಪ್ಪು ಅವನಿಗೆ ಮದುವೆಯಾಗದೇ ಇರುವುದು, ಕೂಡಿಬಂದ ಸಂಬಂಧ ಮುರಿದಾಗಲೆಲ್ಲ ನಮಗೆ ನಗು. ಅಯ್ಯರ್‌ನದು ಇನ್ನೂ ಸ್ವಾರಸ್ಯದ ಸಂಗತಿ. ತಮಿಳು ವಿಜ್ಞಾನಿಗೆ ಬೆಳ್ಳಗಿನ ಬಂಗಾಳಿ ಹೆಂಡತಿ ಎನ್ನುವಲ್ಲಿ ತಮಾಷೆ ಇರುವುದು ಅವನ ಓದಿನಲ್ಲಲ್ಲ, ಮೈಬಣ್ಣದಲ್ಲಿ. ವಿಂಧ್ಯದ ಈಚೆಗಿನವರನ್ನೆಲ್ಲ ಒಂದೇ ಬಣ್ಣದಲ್ಲಿ ಅದ್ದುವ ಈ ಹಳೆಯ ಚಾಳಿಯ ಪರಿಚಯ ಉತ್ತರದಲ್ಲಿ ಓದಿದ, ದುಡಿದ ಕನ್ನಡಿಗರಿಗೆ ಇದ್ದೇ ಇದೆ. ಭಾಷಿಕ, ಪ್ರಾದೇಶಿಕ ಗುಂಪುಗಳನ್ನು ಕೀಳಾಗಿ, ವ್ಯಂಗ್ಯವಾಗಿ ಚಿತ್ರಿಸಬಾರದೆಂದು ಮೇಲೆ ಹೇಳಿದ 6ನೇ ನಿಯಮವೇ ಹೇಳುತ್ತದೆ. ಕೇಸು ಹಾಕಿ ಎನ್ನುತ್ತಿಲ್ಲ. ಕಾಗದದ ಮೇಲಿನ ಜರಡಿಗೂ ನಮ್ಮ ಕೈಯ ಜರಡಿಗೂ ಎಷ್ಟು ಅಂತರ ಎನ್ನುತ್ತಿದ್ದೇನೆ, ಅಷ್ಟೆ.

ಮಾತಿನ ಮಟ್ಟದಲ್ಲಿ ಇದಕ್ಕೊಂದು ಗಟ್ಟಿ ಉದಾಹರಣೆ ಇದೆ. ಹೆಂಡತಿ ದಯಾ ಏನಾದರೂ ಪೆದ್ದು ಮಾತಾಡಿದರೆ ಜೇಠಾಲಾಲ್ 'ಏ ಪಾಗಲ್ ಔರತ್' (ಏ ಹುಚ್ಚು ಹೆಂಗಸೇ) ಎಂದು ಗದರುತ್ತಿದ್ದ. ಕಥೆ ಬರೆದವರು ಕೊಟ್ಟ ಸಾಲಲ್ಲ ಅದು, ಚಿತ್ರೀಕರಣದ ಹೊತ್ತಿನಲ್ಲಿ ತನ್ನ ಬಾಯಿಗೆ ಬಂದದ್ದು ಎಂದು ಪಾತ್ರಧಾರಿ ದಿಲೀಪ್ ಜೋಶಿಯವರೇ ಸಂದರ್ಶನವೊಂದರಲ್ಲಿ ಹೇಳಿದ್ದಾರೆ. ಹೆಂಗಸರ ಪರವಾಗಿ ಆಕ್ಷೇಪ ಬಂದ ಮೇಲೆ ಇನ್ನು ಆ ಮಾತು ಬೇಡ ಎಂದು ತಮಗೆ ಸೂಚನೆ ಬಂತೆಂದೂ ಹೇಳಿದ್ದಾರೆ. ಆ ಮೂರು ಪದಗಳಲ್ಲಿ ಅಶ್ಲೀಲ ಯಾವುದೂ ಇಲ್ಲ, ಯಾವ ಜರಡಿಗೂ ಸಿಗುವಂಥದ್ದಲ್ಲ. ಹಾಗಿದ್ದೂ ಅಡುಗೆಮನೆಯಿಂದ ಅಮ್ಮ ಏನೋ ಕೇಳಿದಾಗ ಮಗು ತಿರುಗಿ ಹೇಳಲು ಅದಕ್ಕಿಂತ ಸುಲಭದ ಸಾಲು ಇನ್ನೊಂದಿಲ್ಲ.

ಇದು ಅತಿ ಸೂಕ್ಷ್ಮದವರ ಕೊರಗು ಎನ್ನುವವರಿಗೆ ಅಮೆರಿಕದ ಒಂದು ಎಣಿಕೆಯನ್ನು ತೋರಿಸಬೇಕು. ನಿಕೋಲ್ ಮಾರ್ಟಿನ್ಸ್ ಮತ್ತು ಬಾರ್ಬರಾ ವಿಲ್ಸನ್ 2ರಿಂದ 11 ವರ್ಷದ ಮಕ್ಕಳಿಗೆ ಅಚ್ಚುಮೆಚ್ಚಾದ 50 ಕಾರ್ಯಕ್ರಮಗಳನ್ನು ಕೂತು ನೋಡಿ ಅವಮಾನ, ಅಣಕ, ಬೆನ್ನ ಹಿಂದಿನ ಮಾತು, ಗುಂಪಿನಿಂದ ಹೊರಗಿಡುವುದು ಇವನ್ನೆಲ್ಲ ಲೆಕ್ಕ ಹಾಕಿದರು. ಅವರ ಲೆಕ್ಕ 2012ರಲ್ಲಿ ಪ್ರಕಟವಾಯಿತು. ಶೇ. 92ರಷ್ಟು ಕಾರ್ಯಕ್ರಮಗಳಲ್ಲಿ ಅವು ಇದ್ದವು, ಸರಾಸರಿ ಗಂಟೆಗೆ 14 ಸಲ. ಹೊಡೆದಾಟಕ್ಕೆ ಹೋಲಿಸಿದರೆ ಈ ಬಗೆಯ ನೋಯಿಸುವಿಕೆ ತಮಾಷೆಯ ಹೊದಿಕೆಯಲ್ಲಿ ಬರುವುದು ಹೆಚ್ಚು, ಮಾಡುವವರು ಚೆಲುವರಾಗಿರುವುದು ಹೆಚ್ಚು. ಮಕ್ಕಳ ಮನಸ್ಸು ಕಂಡಿದ್ದೆಲ್ಲವನ್ನೂ ಅಚ್ಚೊತ್ತಿಕೊಳ್ಳುತ್ತದೆ ಎಂದು ಈ ಎಣಿಕೆ ಸಾಬೀತುಪಡಿಸುವುದಿಲ್ಲ, ಅದು ಪರದೆಯ ಮೇಲಿರುವುದರ ಲೆಕ್ಕ ಮಾತ್ರ. ಆದರೂ ಹೊಡೆತ ಬಡಿತ ಇಲ್ಲ ಎಂದು ನಾವು ನಿಶ್ಚಿಂತರಾಗುವ ಕಡೆಯೇ ಈ ನೋಯಿಸುವಿಕೆ ಇದೆ ಎಂಬುದಂತೂ ಗೊತ್ತಾಯಿತು.

ಆದರೆ ಕೊನೆಯಲ್ಲಿ ಒಳ್ಳೆಯ ಬುದ್ಧಿ ಹೇಳುತ್ತಾರಲ್ಲ ಎಂಬುದು ಮುಂದಿನ ಆಕ್ಷೇಪ. ನಿಜ, ನಿರೂಪಕ ತಾರಕ್ ಮೆಹ್ತಾ ಬಂದು ಎರಡು ಹಿತವಚನ ಆಡಿಯೇ ಆಡುತ್ತಾನೆ. ಅದು ಮಗುವಿನವರೆಗೆ ಮುಟ್ಟುತ್ತದೆಯೇ? ಮೇರಿ ಲೂಯಿಸ್ ಮಾರೆಸ್ ಮತ್ತು ಎಮಿಲಿ ಅಕೋಸ್ಟಾ ಎಂಬ ಸಂಶೋಧಕಿಯರು ಶಿಶುವಿಹಾರದ ಮಕ್ಕಳಿಗೆ 'ಕ್ಲಿಫರ್ಡ್' ಎಂಬ ಕೆಂಪು ನಾಯಿಯ ಕಾರ್ಟೂನಿನ ಒಂದು ಕಂತು ತೋರಿಸಿದರು. ಮೂರು ಕಾಲಿನ ನಾಯಿಯೊಂದು ಊರಿಗೆ ಬರುತ್ತದೆ. ಉಳಿದ ನಾಯಿಗಳು ಮೊದಲು ಹಿಂಜರಿದು ಆಮೇಲೆ ಗೆಳೆಯರಾಗುತ್ತವೆ. ನಮಗಿಂತ ಬೇರೆಯಾಗಿ ಕಾಣುವವರನ್ನೂ ನಮ್ಮವರೆನ್ನಬೇಕು ಎಂಬುದು ಕಥೆ ಬರೆದವರು ಇಟ್ಟ ನೀತಿ. ಮಕ್ಕಳಲ್ಲಿ ಹೆಚ್ಚಿನವರಿಗೆ ದಕ್ಕಿದ್ದು ಮೂರು ಕಾಲಿನ ನಾಯಿಗೆ ದಯೆ ತೋರಬೇಕು ಎಂಬಷ್ಟೇ. ಇಪ್ಪತ್ತು ನಿಮಿಷದ ನಡವಳಿಕೆಯನ್ನು ಕೊನೆಯ ಅರ್ಧ ನಿಮಿಷದ ಮಾತು ತೊಳೆದುಹಾಕುತ್ತದೆ ಎಂದು ನಂಬುವುದು ದೊಡ್ಡವರ ಅನುಕೂಲ. ಮಗುವಿಗೆ ನೆನಪುಳಿಯುವುದು ನಾಯಿ.

ದೊಡ್ಡವರೇನೂ ಇದಕ್ಕೆ ಹೊರತಲ್ಲ. 1971ರ ಜನವರಿಯಲ್ಲಿ ಅಮೆರಿಕದ ಸಿಬಿಎಸ್‌ನಲ್ಲಿ 'ಆಲ್ ಇನ್ ದ ಫ್ಯಾಮಿಲಿ' ಶುರುವಾಯಿತು. ಕರಿಯರು, ಯಹೂದಿಗಳು, ಹೆಂಗಸರು ಎಂದರೆ ಉರಿದುಬೀಳುವ ಆರ್ಚಿ ಬಂಕರ್ ಎಂಬ ಮನೆ ಯಜಮಾನನನ್ನು ನಿರ್ಮಾಪಕ ನಾರ್ಮನ್ ಲಿಯರ್ ನಗೆಪಾಟಲಿಗೆ ಈಡುಮಾಡಲೆಂದೇ ನಿಲ್ಲಿಸಿದ್ದರು. 1974ರಲ್ಲಿ ಪ್ರಕಟವಾದ ಅಧ್ಯಯನಕ್ಕೆಂದು ನೀಲ್ ವಿಡ್ಮಾರ್ ಮತ್ತು ಮಿಲ್ಟನ್ ರೋಕೀಚ್ ನೋಡುಗರನ್ನು ಮಾತಾಡಿಸಿದಾಗ ಹೊರಬಿದ್ದದ್ದೇ ಬೇರೆ: ಮೊದಲೇ ಪೂರ್ವಗ್ರಹ ಇದ್ದವರು ಆರ್ಚಿಯನ್ನೇ ಹೆಚ್ಚಾಗಿ ಮೆಚ್ಚಿಕೊಂಡಿದ್ದರು. ವ್ಯಂಗ್ಯದ ಬಾಣ ತಿರುಗಿ ನಿಂತಿತ್ತು. ದೊಡ್ಡವರಿಗೇ ದಿಕ್ಕು ತಪ್ಪಿದ ಮೇಲೆ ಆರು ವರ್ಷದ ಮಗು 'ಇದು ಜೇಠಾಲಾಲನ ದೌರ್ಬಲ್ಯದ ವಿಡಂಬನೆ' ಎಂದು ತಿಳಿದುಕೊಳ್ಳಬೇಕು ಎನ್ನುವುದು ಹೆಚ್ಚಾಯಿತು.

ಹಾಗಾದರೆ ನಗುವುದನ್ನೇ ಬಿಡೋಣವೇ, ಹಳೆಯ ಕನ್ನಡ ಸಿನಿಮಾಗಳ ಹಾಸ್ಯನಟ ನರಸಿಂಹರಾಜು ಅವರನ್ನು ನೋಡಿ ನಕ್ಕ ತಲೆಮಾರು ಕೆಟ್ಟುಹೋಯಿತೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಕುಂದಿಲ್ಲದೆ ಹಾಸ್ಯವಿಲ್ಲ, ಯಾರೂ ಎಡವದ ಧಾರಾವಾಹಿಯನ್ನು ಯಾರೂ ನೋಡುವುದಿಲ್ಲ. ಆದರೆ ಕುಂದು ಎಂಬುದರಲ್ಲಿ ಎರಡು ಜಾತಿ. ತಾನೇ ಈ ಸೊಸೈಟಿಯ ಏಕಮಾತ್ರ ಸೆಕ್ರೆಟರಿ ಎಂದು ಭಿಡೆ ಎದೆಯುಬ್ಬಿಸಿ, ಮರುಗಳಿಗೆಯಲ್ಲಿ ಜೇಠಾಲಾಲನ ಮಗ ಟಪ್ಪು ಹೊಡೆದ ಚೆಂಡಿಗೆ ಗಾಜು ಒಡೆಯಿತೆಂದು ಕೂಗಾಡುವುದು ಒಂದು. ಅಂಗಡಿಯಲ್ಲಿ ಯಜಮಾನಿಕೆ ಮೆರೆದ ಜೇಠಾಲಾಲ್ ಅಪ್ಪ ಚಂಪಕ್‌ಲಾಲ್ ಎದುರು ಶಾಲೆಯ ಹುಡುಗನಂತೆ ತಲೆತಗ್ಗಿಸಿ ನಿಲ್ಲುವುದೂ ಅದೇ ಜಾತಿ. ಜಂಬ, ಸುಳ್ಳು, ಜಿಪುಣತನ ಇವು ಮನುಷ್ಯ ತಾನಾಗಿ ಹೊತ್ತುಕೊಂಡವು, ಬೇಕೆಂದರೆ ಕೆಳಗಿಳಿಸಬಹುದಾದವು. ಅವುಗಳ ಮೇಲೆ ಎಷ್ಟು ನಕ್ಕರೂ ಮಗುವಿಗೆ ನಷ್ಟವಿಲ್ಲ, ಲಾಭವೇ ಇದೆ. ಮೈಯ ಗಾತ್ರ, ಬಣ್ಣ, ಹುಟ್ಟಿದ ಭಾಷೆ ಇಳಿಸಿ ಇಡುವಂಥವಲ್ಲ. ತರಗತಿಯಲ್ಲಿ ದಪ್ಪಗಿರುವ ಮಗುವಿಗೆ ಅಡ್ಡಹೆಸರು ಬೀಳುವುದು ಈ ಎರಡನೆಯ ನಗುವಿನಿಂದ. ಇನ್ನು ಹಳೆಯ ಸಿನಿಮಾದ ಮಾತು. ಊರಿನ ಟಾಕೀಸಿಗೆ ತಿಂಗಳಿಗೊಮ್ಮೆ ಹೋಗಿ ನಕ್ಕು ಬಂದದ್ದೂ, ಒಂದೇ ನಗೆಯನ್ನು ಹದಿನೈದು ವರ್ಷಕ್ಕೂ ಮಿಕ್ಕಿ ಊಟದ ಹೊತ್ತಿಗೆ ಮನೆಯೊಳಗೆ ಬಿಟ್ಟುಕೊಂಡದ್ದೂ ಒಂದೇ ಪ್ರಮಾಣದ್ದಲ್ಲ.

ವಿಚಿತ್ರವೆಂದರೆ ಇದೇ ಅಳತೆಗೋಲು ಹಿಡಿದರೆ ಹೆತ್ತವರು ಹೆದರಿದ ಕೆಲವು ಧಾರಾವಾಹಿಗಳು ಗೆದ್ದುಬರುತ್ತವೆ. ಅಮೆರಿಕದ ಕುಟುಂಬಗಳು 'ದ ಸಿಂಪ್ಸನ್ಸ್' ಥರ ಆಗುವುದು ಬೇಡ ಎಂದು ಅಧ್ಯಕ್ಷ ಜಾರ್ಜ್ ಬುಷ್ 1992ರಲ್ಲಿ ಭಾಷಣದಲ್ಲೇ ಹೇಳಿದ್ದರು. ಅದರ ಬಾರ್ಟ್ ಚಿತ್ರದ ಟೀಷರ್ಟುಗಳನ್ನು ಕೆಲವು ಶಾಲೆಗಳು ನಿಷೇಧಿಸಿದ್ದವು. ಬೈಗುಳವೂ ಬಿಯರೂ ಧಾರಾಳವಾಗಿರುವ ಆ ಕಾರ್ಟೂನನ್ನು ಪುಟ್ಟ ಮಕ್ಕಳಿಗೆ ನಾನೂ ತೋರಿಸೆನ್ನಲಾರೆ. ಆದರೂ ಅದು ಬಹಳಷ್ಟು ಸಲ ನಗುವುದು ಸೋಮಾರಿ ಅಪ್ಪನನ್ನು, ದುರಾಸೆಯ ಕಾರ್ಖಾನೆ ಮಾಲೀಕನನ್ನು. ಹದಿಮೂರರ ಹುಡುಗಿಗೆ ಗೋಕುಲಧಾಮಕ್ಕಿಂತ ಅದೇ ವಾಸಿ ಎಂದರೆ ಹಲವರು ನನ್ನ ಮೇಲೆ ಸಿಟ್ಟಾಗಬಹುದು.

ಗೋಕುಲಧಾಮದ ಒಳ್ಳೆಯದನ್ನು ಮರೆಮಾಚಬೇಕಿಲ್ಲ. ಗುಜರಾತಿ, ಮರಾಠಿ, ಪಂಜಾಬಿ, ಬಂಗಾಳಿ, ತಮಿಳು ಮನೆಗಳು ಒಂದೇ ಅಂಗಳದಲ್ಲಿ ಹಬ್ಬ ಮಾಡುತ್ತವೆ, ಒಬ್ಬನಿಗೆ ಕಷ್ಟ ಬಂದರೆ ಎಲ್ಲರೂ ಸೇರುತ್ತಾರೆ. ಸೊಸೆಗೆ ವಿಷ ಹಾಕುವ ಅತ್ತೆಯರ ಧಾರಾವಾಹಿಗಳ ಪಕ್ಕದಲ್ಲಿ ಇದು ತಂಗಾಳಿಯೇ. ಹಾಗೆಂದು ಪಕ್ಕದ ಮನೆಯ ಕೊಳಕನ್ನು ತೋರಿಸಿ ನಮ್ಮ ಅಂಗಳ ಸ್ವಚ್ಛ ಎನ್ನಲಾಗದು. ನನ್ನ ತೀರ್ಪು ಇಷ್ಟು: ಎಂಟು ವರ್ಷ ತುಂಬದ ಮಕ್ಕಳಿಗೆ ಇದು ದಿನನಿತ್ಯದ ನೋಟವಾಗುವುದು ಬೇಡ. ಹತ್ತು ದಾಟಿದವರು ನೋಡಲಿ, ಪಕ್ಕದಲ್ಲಿ ದೊಡ್ಡವರೊಬ್ಬರು ಇರಲಿ, ಹಾಥಿಯ ದೃಶ್ಯ ಬಂದಾಗ ಆ ದೊಡ್ಡವರು ನಗದೆ ಇರಲಿ. ನಗದವರನ್ನು ಮಗು ತಿರುಗಿ ನೋಡುತ್ತದೆ, ಯಾಕೆ ಎಂದು ಕೇಳುತ್ತದೆ. ಮಾತಿಗೆ ಅಷ್ಟು ಸಂದು ಸಾಕು.

ನಿಮ್ಮ ಮನೆಯಲ್ಲಿ ಓಡುವ ಧಾರಾವಾಹಿ ಬೇರೆ ಇರಬಹುದು, ಕನ್ನಡದ್ದೇ ಇರಬಹುದು. ನನ್ನ ತೀರ್ಪನ್ನು ನಂಬಬೇಕಾಗಿಲ್ಲ. ಇವತ್ತು ರಾತ್ರಿ ಒಂದು ಚೀಟಿ, ಪೆನ್ನು ಹಿಡಿದು ಕೂತುಕೊಳ್ಳಿ. ಮನೆಮಂದಿ ನಕ್ಕಾಗಲೆಲ್ಲ ಆ ನಗು ಯಾರ ಮೇಲೆ ಬಿತ್ತೋ ಅವರ ಹೆಸರು ಬರೆದು, ಪಕ್ಕದಲ್ಲಿ ಯಾತಕ್ಕೆ ಎಂದು ಒಂದು ಪದ ಹಾಕಿ. ಕಂತು ಮುಗಿದ ಮೇಲೆ ಚೀಟಿಯನ್ನು ಮಗುವಿನ ಕೈಗೆ ಕೊಟ್ಟು ಓದಿಸಿ.