ಚಿತ್ರದ ಜೊತೆ ಅಂಕಿನೂ ಕಳಿಸ್ರಿ

ಫ್ರಾಕ್ಟಲ್ ಚಿತ್ರ ಮಾಡಿ ಗ್ರೂಪಿಗೆ ಹಾಕಿದರೆ ಮೊದಲು ಬರೋ ಪ್ರಶ್ನೆ ಒಂದೇ: "ಎಲ್ಲಾ ಕಂಪ್ಯೂಟರೇ ಮಾಡ್ತದ, ಇದರಾಗ ನಿಂದೇನದ?" ಕೇಳಬೇಕಾದ ಪ್ರಶ್ನೆನೇ. ಉತ್ತರ ಬೇಕಂದ್ರೆ ಚಿತ್ರ ಹುಟ್ಟೋದು ಹೇಗೆ ಅಂತ ನೋಡಬೇಕು.

1980ರಲ್ಲಿ ಐಬಿಎಂನಲ್ಲಿದ್ದ ಬೆನುವಾ ಮ್ಯಾಂಡೆಲ್‌ಬ್ರಾಟ್ ಕಂಪ್ಯೂಟರಿನಲ್ಲಿ ಮೂಡಿಸಿ ನೋಡಿದ ಆಕೃತಿಯನ್ನೇ ತಗೊಳ್ಳೋಣ. ಒಂದು ಸಂಖ್ಯೆ ಆರಿಸಿ, ಅದಕ್ಕೆ 'ಸಿ' ಅನ್ನೋಣ. ಸೊನ್ನೆಯಿಂದ ಶುರು. ಕೈಯಲ್ಲಿರುವ ಸಂಖ್ಯೆಯ ವರ್ಗ ಮಾಡಿ, ಸಿ ಕೂಡಿಸಿ. ಬಂದ ಉತ್ತರಕ್ಕೆ ಮತ್ತೆ ಅದೇ ಕೆಲಸ. ಸಿ 1 ಆದರೆ 0, 1, 2, 5, 26, ಓಡಿಹೋಯಿತು. ಸಿ −1 ಆದರೆ 0, −1, 0, −1, ಅಲ್ಲಲ್ಲೇ ಸುತ್ತುತ್ತದೆ. ಈಗ ಸಿ ಜಾಗದಲ್ಲಿ ಕಾಂಪ್ಲೆಕ್ಸ್ ನಂಬರ್ ಇಡಿ. ಪರದೆಯ ಒಂದೊಂದು ಪಿಕ್ಸೆಲ್ಲೂ ಒಂದೊಂದು ಸಿ. ಉತ್ತರದ ಮಾಡ್ಯುಲಸ್ 2 ದಾಟಿದರೆ ಆ ಬಿಂದು ಓಡಿಹೋದಂತೆ. ಎಷ್ಟನೇ ಹೆಜ್ಜೆಗೆ ದಾಟಿತು ಅನ್ನೋದರ ಮೇಲೆ ಬಣ್ಣ. ದಾಟದೇ ಉಳಿದದ್ದಕ್ಕೆ ಸಾಮಾನ್ಯವಾಗಿ ಕಪ್ಪು.

ಕೋಡ್ ಹದಿನೈದಿಪ್ಪತ್ತು ಸಾಲು, ಅಷ್ಟೇ. ಆದರೆ 1000×1000 ಚಿತ್ರದಲ್ಲಿ 10 ಲಕ್ಷ ಬಿಂದುಗಳು. ತಲಾ 500 ಹೆಜ್ಜೆ ಅಂದರೆ ಹೆಚ್ಚೆಂದರೆ 50 ಕೋಟಿ ಲೆಕ್ಕ. ಬರೀ ಪೈಥಾನ್ ಲೂಪಿಗೆ ಇದು ಭಾರ, ನಂಬಾ ಬಳಸಿದರೆ ಹಗುರ. ಜಾಗ ಹುಡುಕುವಾಗ 300×300 ಸಾಕು. ಕೋಡ್ ಬೇಡ ಅನ್ನುವವರಿಗೆ ಉಚಿತವಾಗಿ ಸಿಗುವ ಕ್ಸಾವೋಸ್ ಇದೆ, ಮೌಸ್ ಒತ್ತಿದಂತೆ ಒಳಗೊಳಗೆ ಕರಕೊಂಡು ಹೋಗ್ತದ. ಎಲ್ಲಿಯವರೆಗೂ ಅಲ್ಲ ಮತ್ತೆ. ಮಾಮೂಲಿ ಫ್ಲೋಟ್‌ನಲ್ಲಿ ನಂಬಬಹುದಾದದ್ದು 15–16 ಅಂಕಿ. ಅದಕ್ಕಿಂತ ಆಳಕ್ಕೆ ಇಳಿದರೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ.

ಹಾಗಾದರೆ ನಮ್ಮದೇನು? ಎಲ್ಲಿ ನಿಲ್ಲಬೇಕು ಅನ್ನೋದು, ಎಷ್ಟು ಅಗಲ ತೋರಿಸಬೇಕು ಅನ್ನೋದು, ಮತ್ತೆ ಬಣ್ಣ. ಹತ್ತು ಚಿತ್ರ ಮಾಡಿ ಒಂಬತ್ತನ್ನು ಬಿಸಾಕೋದೂ ನಮ್ಮದೇ. ಬಣ್ಣದ ಬಗ್ಗೆ ಒಂದು ಮಾತು: ಸಾಫ್ಟ್‌ವೇರ್ ಕೊಡೋ ಕಾಮನಬಿಲ್ಲನ್ನು ಹಾಗೇ ಹಚ್ಚಬೇಡಿ, ಅದು ಸೊರಗಿದ ಚಿತ್ರವನ್ನೂ ಮುಚ್ಚಿಬಿಡ್ತದ. ನಮ್ಮ ಬೀದರ್‌ನ ಬಿದ್ರಿ ಕೆಲಸ ನೋಡ್ರಿ, ಕಪ್ಪು ನೆಲ, ಬೆಳ್ಳಿ ಗೆರೆ, ಎರಡೇ. ಆ ಎರಡರಲ್ಲೇ ಚಿತ್ರ ನಿಂತರೆ ಆಮೇಲೆ ಯಾವ ಬಣ್ಣಕ್ಕೂ ನಿಲ್ಲುತ್ತದೆ. (ಬಿದ್ರಿಯ ಬಳ್ಳಿಯೂ ಫ್ರಾಕ್ಟಲ್ಲೇ ಅಂತ ಕೆಲವರು ಹೇಳ್ತಾರೆ, ನಾನು ಒಪ್ಪಲ್ಲ. ಒಂದೇ ಅಳತೆಯ ಹೂವು ಮತ್ತೆ ಮತ್ತೆ ಬಂದರೆ ಅದು ಪುನರಾವರ್ತನೆ. ಹೂವಿನೊಳಗೆ ಸಣ್ಣ ಹೂವು, ಅದರೊಳಗೆ ಇನ್ನೂ ಸಣ್ಣದು ಬರಬೇಕು. ಅದನ್ನು ನೋಡಬೇಕಂದ್ರೆ ಉಪಗ್ರಹ ನಕ್ಷೆಯಲ್ಲಿ ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯದ ಅಂಚು ಹಿಗ್ಗಿಸಿ ನೋಡಿ.)

ಇನ್ನು ಹಂಚಿಕೊಳ್ಳೋದು. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಅದು ಹಿಂಡಿ ಕಳಿಸ್ತದ, ಸಣ್ಣ ಗೆರೆಗಳೇ ಮೊದಲು ಹೋಗೋದು. ಡಾಕ್ಯುಮೆಂಟ್ ಅಂತ ಕಳಿಸಿ, ಪಿಎನ್‌ಜಿಯಲ್ಲಿ. ಅದಕ್ಕಿಂತ ಮುಖ್ಯ, ಅಂಕಿ ಕಳಿಸಿ: "ಕೇಂದ್ರ −0.7436, 0.1318, ಅಗಲ 0.005, ಹೆಜ್ಜೆ 500." ಒಂದು ಎಸ್ಎಂಎಸ್‌ನಲ್ಲಿ ಹಿಡಿಸ್ತದ, ನೆಟ್ ಇಲ್ಲದಿದ್ದರೂ ನಡೀತದ. 1980ರ ದಶಕದ ಕೊನೆಯಲ್ಲಿ ಬಂದ ಫ್ರಾಕ್ಟಿಂಟ್ ಬಳಸುತ್ತಿದ್ದವರು ಹೀಗೇ ನಾಲ್ಕು ಸಾಲಿನ ಪ್ಯಾರಾಮೀಟರ್ ಹಂಚಿಕೊಳ್ಳುತ್ತಿದ್ದರು. ಚಿತ್ರವನ್ನು ಓದುಗರೇ ತಮ್ಮ ಕಂಪ್ಯೂಟರಿನಲ್ಲಿ ಮೂಡಿಸಿಕೊಳ್ಳಬಹುದಿತ್ತು.

ಕಾಲೇಜುಗಳಲ್ಲಿ ಸೀನಿಯರ್ಸ್ ಪಾಸಾಗಿ ಹೋದ ಮೇಲೆ ಫೆಸ್ಟ್ ಪೋಸ್ಟರಿನ ಜೆಪಿಜಿ ಉಳಿಯುತ್ತದೆ, ಅಲ್ಲಿಗೆ ಹೋದ ದಾರಿ ಉಳಿಯಲ್ಲ. ಅಂಕಿ ಇದ್ದರೆ ಬೀದರ್‌ನವ ಹುಡುಕಿದ ಜಾಗದಿಂದ ಭಾಲ್ಕಿಯವಳು ಇನ್ನೊಂದು ಸುರುಳಿ ಒಳಗೆ ಹೋಗಬಹುದು, ರಜೆಗೆ ಔರಾದ್‌ಗೆ ಹೋದವ ಬರೀ ಬಣ್ಣ ಬದಲಿಸಿ ವಾಪಸ್ ಕಳಿಸಬಹುದು. ಯಾರ ಅಂಕಿಯಿಂದ ಶುರು ಮಾಡಿದಿರೋ ಅವರ ಹೆಸರು ಕೆಳಗೆ ಹಾಕಿ. ಮೇಲೆ ಕೊಟ್ಟಿರೋದು ಕಡಲಕುದುರೆ ಕಣಿವೆ ಅನ್ನುವ ಜಾಗದ್ದು. ವಾರಕ್ಕೊಂದು ಚಿತ್ರ ಅಂತ ಇಟ್ಟುಕೊಂಡು ಅಲ್ಲಿಂದಲೇ ಶುರು ಮಾಡ್ರಿ, ಅಗಲವನ್ನು ಹತ್ತರಲ್ಲಿ ಒಂದು ಪಾಲು ಮಾಡಿ, ಹೆಜ್ಜೆ 1000ಕ್ಕೆ ಏರಿಸಿ.